ನಿಮ್ಮ ಎರಡನೆಯ ಸಾವಿನ ಸುದ್ದಿ

ವುಲ್ವರ್‌ಹ್ಯಾಂಪ್ಟನ್
ಮಾರ್ಚ್ ೨೦೦೪

ಚಿದಂಬರ ಮೇಷ್ಟ್ರೇ,

ಇವತ್ತು ನೀವು ತೀರಿಕೊಂಡಿರೆಂದು ಈಮೇಲ್ ಬಂತು. ಇದು ಎರಡನೆಯ ಸಲ.

ಮೂರು ವರ್ಷದ ಹಿಂದೆ ಇಂಥದ್ದೇ ಒಂದು ಬಂದಾಗ, ಅಷ್ಟು ದೊಡ್ಡ ಗಾಯಕರ ವಿಷಯದಲ್ಲಿ ಯಾರು ಸುಳ್ಳು ಬರೆಯುತ್ತಾರೆ ಅಂದುಕೊಂಡು ಇಲ್ಲಿನ ಕನ್ನಡ ಬಳಗಕ್ಕೆಲ್ಲ ಕಳಿಸಿಬಿಟ್ಟೆ. ನಾನು, ಡಾಕ್ಟರ್ ಚಂದ್ರಪ್ರಭಾ, ಕಳಿಸಿದ್ದೆಂದು ಎಲ್ಲರೂ ನಂಬಿದರು. ನಿಮ್ಮ ಫೋಟೊಗೆ ಗಂಧದ ಹಾರ ಹಾಕಿ, ನಿಮ್ಮದೇ ಕ್ಯಾಸೆಟ್ ಕೇಳುತ್ತ ಅತ್ತೆವು.

ಮರುದಿನ ಮೈಸೂರಿನಿಂದ ನೀವೇ ಫೋನ್ ಮಾಡಿದಿರಿ. ಹಿಂದೆ ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿತ್ತು.

"ಏನಮ್ಮಾ, ನಾಡಿ ನೋಡ್ದೇನೇ ಡೆತ್ ಸರ್ಟಿಫಿಕೇಟ್ ಬರೆದುಬಿಟ್ಯಾ? ಒಂದು ಫೋನ್ ಮಾಡಿದ್ರೆ ನಾನೇ ಎತ್ತುತಿದ್ನಲ್ಲ!"

"ಎಲ್ರೂ ಕಳಿಸ್ತಿದ್ರು ಮೇಷ್ಟ್ರೇ," ಅಂದೆ. ತಪ್ಪಾಯಿತು ಅನ್ನಲಿಲ್ಲ.

ಇವತ್ತು ಯಾರಿಗೂ ಕಳಿಸಲಿಲ್ಲ. ಪೇಷೆಂಟುಗಳನ್ನು ಹೊರಗೆ ಕೂರಿಸಿ, ಮೊದಲು ನಿಮ್ಮ ಮನೆಗೆ ಫೋನ್ ಮಾಡಿದೆ. ಯಾರೋ ಎತ್ತಿದರು. ಅದೇ ಶ್ರುತಿಪೆಟ್ಟಿಗೆ, ಅದೇ ಗುಂಯ್ ಎನ್ನುವ ಸದ್ದು. ನನಗೆ ನಗುವೇ ಬಂತು.

"ಮೇಷ್ಟ್ರೇ, ಇದ್ದೀರಾ?" ಅಂದೆ. "ಈ ಸಲ ನಾಡಿ ನೋಡೋಕೇ ಫೋನ್ ಮಾಡ್ದೆ."

ಆ ಕಡೆ ಯಾರೋ ಬಿಕ್ಕುತ್ತ, ಮೆಲ್ಲಗೆ ಶ್ರುತಿಪೆಟ್ಟಿಗೆಯನ್ನು ನಿಲ್ಲಿಸಿದರು.