ಅಜ್ಜಿಯ ಬಿಸಿಲ ಸೀನು

ಮೇ 14, ಮಂಗಳವಾರ

ಕಾಲೇಜಿನ ಅರ್ಜಿಗೆ ನಾಳೆಯೇ ಕೊನೆಯ ದಿನ. 'ವೈದ್ಯಕೀಯ' ಎಂಬ ಚೌಕದ ಮುಂದೆ ಒಂದು ತಿಂಗಳಿಂದ ಪೆನ್ನು ಹಿಡಿದು ಕೂತಿದ್ದೆ. ಡಾಕ್ಟರೆಂದರೆ ಎಲ್ಲ ತಿಳಿದಿರಬೇಕು, ನನಗೋ ತಿಳಿಯದ್ದೇ ಹೆಚ್ಚು ಎಂಬ ಅಳುಕು.

ಇವತ್ತು ಅಜ್ಜಿಯ ಕಣ್ಣು ತೋರಿಸಲು ಹೋದಾಗ ಕೇಳಿಯೇಬಿಟ್ಟೆ: ಬಿಸಿಲಿಗೆ ಬಂದ ಕೂಡಲೇ ಅಜ್ಜಿ ಯಾಕೆ ಸೀನುತ್ತಾಳೆ? ತಲೆ ನರೆತ ಡಾಕ್ಟರು ಟಾರ್ಚು ಕೆಳಗಿಟ್ಟು ನಕ್ಕರು. "ಸುಮಾರು ಜನಕ್ಕೆ ಹೀಗಾಗುತ್ತಮ್ಮ. ಯಾಕೆ ಅಂತ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನೀನೇ ಕಂಡುಹಿಡಿ."

"ಇಷ್ಟು ಓದಿನೂ ಗೊತ್ತಿಲ್ವಂತೆ," ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗಿದಳು, ನಡುನಡುವೆ ಸೀನಿದಳು. ನನಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೊತ್ತಿಲ್ಲದವರಿಗೂ ಅಲ್ಲಿ ಕೆಲಸವಿದೆ.

ಚೌಕದಲ್ಲಿ ಗುರುತು ಹಾಕಿದೆ. ಡಾಕ್ಟರಾಗುತ್ತೇನೆ, ಸಂಶೋಧನೆಯನ್ನೂ ಮಾಡುತ್ತೇನೆ. ಅಪ್ಪ ಅರ್ಜಿ ಓದಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.

ನಾಳೆಯಿಂದ ಅಜ್ಜಿಯ ಸೀನುಗಳನ್ನು ಎಣಿಸಿ ಈ ಪುಸ್ತಕದ ಕೊನೆಯ ಪುಟದಲ್ಲಿ ಬರೆಯುವುದು. ಈಗಷ್ಟೇ ಅವಳಿಗೂ ಹೇಳಿದೆ. ಮಲಗಿದ್ದಲ್ಲಿಂದಲೇ ಉತ್ತರ ಬಂತು: "ಸರಿಯಾಗಿ ಎಣಿಸು. ಒಂದೊಂದ್ಸಲ ಎರಡು ಜೊತೆಗೇ ಬರುತ್ತೆ, ಒಂದೇ ಅಂತ ಬರೆದುಬಿಟ್ಟೀಯ."