ನೂರಾ ಹದಿನೇಳನೆಯ ಹೆಸರು

ಸೇಡಂ
14 ಜೂನ್ 2009, ರವಿವಾರ

ಪ್ರೀತಿಯ ಪಮ್ಮೀ,

ಹೇಗಿದ್ದೀ? ನಿನ್ನ ಸೊಂಟನೋವು ಕಡಿಮೆಯಾಯಿತೇ? ಪುಟ್ಟಿ ಪದ್ಮಿಗೆ ಜ್ವರ ಬಂದಿತ್ತು ಎಂದು ಅಮ್ಮ ಹೇಳಿದಳು, ಈಗ ಉಣ್ಣುತ್ತಾಳೋ ಇಲ್ಲವೋ? ವಾಡಿಯ ಧೂಳಿಗೆ ನಂದಕಿಶೋರ್ ಅವರ ಕೆಮ್ಮು ಮತ್ತೆ ಹೆಚ್ಚಾಗದಿರಲಿ. ಇಲ್ಲಿ ನಾವು ಸೌಖ್ಯ. ಅಮ್ಮ ಏಕಾದಶಿಗೆ ನೀರೂ ಮುಟ್ಟುವುದಿಲ್ಲ, ನಾನು ಹೇಳಿದರೆ ಕೇಳುವವಳೂ ಅಲ್ಲ. ಪ್ರತಿ ರವಿವಾರ ಫೋನ್ ಮಾಡುವವನು ಇವತ್ತು ಕಾಗದ ಹಿಡಿದಿದ್ದೇಕೆ ಎಂದು ಗಾಬರಿಯಾಗಬೇಡ. ಹಿಂದಿನ ಮೂರು ರವಿವಾರವೂ ಇದನ್ನು ಹೇಳಲೆಂದೇ ಫೋನ್ ಮಾಡಿದ್ದೆ. ಪ್ರತಿ ಸಲವೂ ಪದ್ಮಿಯ ಮಾತಾಡಿ ಇಟ್ಟುಬಿಟ್ಟೆ.

ಆರು ವರ್ಷದ ಹಿಂದೆ ನೀನು ಡಿ.ಎಡ್. ಸೀಟಿಗೆ ಅರ್ಜಿ ಹಾಕಿದ್ದೆಯಲ್ಲ, ಆಗ ಬಸ್‌ಸ್ಟ್ಯಾಂಡಿನ ಎದುರಿನ ನನ್ನ ಇಂಟರ್ನೆಟ್ ಅಂಗಡಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಫೋನ್ ಲೈನು ಭಾಳ ನಿಧಾನ. ಅದಕ್ಕೇ ನಾನೊಂದು ಪುಟ ಮಾಡಿಕೊಂಡಿದ್ದೆ. ಇಲಾಖೆಯ ಸೈಟಿನಿಂದ ಆಯ್ಕೆಪಟ್ಟಿಯನ್ನು ಬೆಳಿಗ್ಗೆ ಒಮ್ಮೆ ತಂದು ನಮ್ಮ ಕಂಪ್ಯೂಟರಿನಲ್ಲಿ ಇಟ್ಟರೆ, ಬಂದವರಿಗೆಲ್ಲ ಅದನ್ನೇ ಥಟ್ಟನೆ ತೋರಿಸುತ್ತಿತ್ತು. ಹೊಸದಾಗಿ ತರಬೇಕೆಂದರೆ ಮೇಲಿನ ಬಟನ್ ಒತ್ತಬೇಕು. ಒತ್ತಿದರೆ ಹಳೆಯ ಪಟ್ಟಿ ಅಳಿಸಿಹೋಗಿ ಹತ್ತು ನಿಮಿಷ ಪರದೆ ಬರೀ ಬೆಳ್ಳಗೆ. ಆ ಪುಟದ ಬಗ್ಗೆ ನನಗೆ ಎಷ್ಟು ಸೊಕ್ಕಿತ್ತೆಂದು ನಿನಗೆ ಗೊತ್ತು; ಅಪ್ಪನನ್ನೂ ಕರೆದು ತೋರಿಸಿದ್ದೆ.

ಡಿ.ಎಡ್. ಪಟ್ಟಿ ಬಂದ ದಿನ ಮಧ್ಯಾಹ್ನ ನೀನು ಸರದಿಯ ಕೊನೆಗೆ ನಿಂತಿದ್ದೆ, ಅಣ್ಣನ ಅಂಗಡಿಯಾದರೂ ಮುಂದೆ ನುಗ್ಗಲಿಲ್ಲ. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಸರಿಸಿ ತಲೆಯಾಡಿಸಿದೆ. ‘ಇನ್ನೊಂದ್ಸಲ ನೋಡೋ ಅಣ್ಣಾ’ ಅಂದೆ ನೀನು. ‘ನೋಡೀನಿ ಪಮ್ಮೀ, ಇಲ್ಲಂದ್ರ ಇಲ್ಲ. ಹಿಂದ ಮಂದಿ ನಿಂತಾರ, ಆಚಿ ಸರಿ’ ಅಂದೆ ನಾನು. ಬಟನ್ ಒತ್ತಿರಲಿಲ್ಲ. ಅಷ್ಟು ಜನರ ಮುಂದೆ ಹತ್ತು ನಿಮಿಷ ಬಿಳಿ ಪರದೆ ಇಟ್ಟುಕೊಂಡು ಕೂರಲು ನನಗೆ ಮನಸ್ಸಾಗಲಿಲ್ಲ. ಬೆಳಿಗ್ಗೆ ಬಂದಿದ್ದು ಪಟ್ಟಿಯ ಅರ್ಧ ಮಾತ್ರ, ಉಳಿದ ಹೆಸರುಗಳು ನಡುಮಧ್ಯಾಹ್ನ ಸೇರಿದ್ದವು. ಮರುದಿನ ನಾನು ಪಟ್ಟಿಯನ್ನು ಹೊಸದಾಗಿ ತಂದೆ, ಕೇಳಿಕೊಂಡು ಬಂದವರಿಗೆಲ್ಲ ಅವರವರ ನಂಬರು ಹುಡುಕಿಕೊಟ್ಟೆ. ನಿನ್ನ ಹೆಸರೊಂದನ್ನು ಹುಡುಕಲಿಲ್ಲ. ಇಲ್ಲವೆಂದು ನಾನೇ ಹೇಳಿಯಾಗಿತ್ತಲ್ಲ.

ವಾರದ ಮೇಲೆ ನಿನ್ನ ಗೆಳತಿ ಭಾಗ್ಯಜ್ಯೋತಿ ಸೀಟು ಸಿಕ್ಕ ಖುಷಿಗೆ ಪೇಡೆ ಹಿಡಿದು ಅಂಗಡಿಗೆ ಬಂದಳು. ‘ಸುಜಯಣ್ಣಾ, ಗುಲಬರ್ಗಾದಾಗ ಕೌನ್ಸೆಲಿಂಗಿನ್ಯಾಗ ಪ್ರಮಿತಾನ ಹೆಸರು ಎರಡು ಸಲ ಕೂಗಿದ್ರು. ಅಕಿ ಯಾಕ ಬರಲಿಲ್ಲ?’ ಎಂದು ಕೇಳಿದಳು. ಆಕೆಯ ಎದುರೇ ಪಟ್ಟಿ ತೆಗೆದೆ. ನೂರಾ ಹದಿನೇಳನೆಯ ಹೆಸರು ನಿನ್ನದು, ಪಕ್ಕದಲ್ಲಿ ಅಪ್ಪನ ಹೆಸರು. ಗುಲಬರ್ಗಾದ ಬಸ್ಸು ಎದುರಿಗೇ ನಿಂತಿತ್ತು. ಹತ್ತಿ ಹೋಗಿ ಯಾರದಾದರೂ ಕಾಲು ಹಿಡಿಯಬಹುದಿತ್ತು. ಹೋಗಲಿಲ್ಲ. ‘ಅಕಿಗಿ ಹೇಳಬ್ಯಾಡವ್ವ, ಮನಸಿಗಿ ಹಚ್ಕೋತಾಳ’ ಎಂದು ಭಾಗ್ಯಜ್ಯೋತಿಯ ಬಾಯಿ ಮುಚ್ಚಿಸಿದೆ. ನಿನ್ನ ಮನಸ್ಸಿನ ನೆಪ ಹೇಳಿ ನನ್ನ ಮುಖ ಉಳಿಸಿಕೊಂಡೆ. ಆ ಹುಡುಗಿ ಮಾತು ಉಳಿಸಿಕೊಂಡಳು. ಅದೇ ಶ್ರಾವಣದಲ್ಲಿ ವಾಡಿಯಿಂದ ನಂದಕಿಶೋರ್ ಅವರ ಮನೆಯವರು ನಿನ್ನನ್ನು ನೋಡಲು ಬಂದರು, ನೀನು ಮರುಮಾತಾಡದೆ ಒಪ್ಪಿದೆ. ಅಪ್ಪ ಹೋಗುವ ಮುಂಚಿನ ವಾರವೂ ‘ಅಕಿಗೊಂದು ಸೀಟು ಸಿಕ್ಕಿದ್ರ ಚೊಲೊ ಇತ್ತು’ ಅಂದರು. ನಾನು ಅವರ ಕಾಲು ಒತ್ತುತ್ತ ಕುಳಿತಿದ್ದೆ.

ಇದನ್ನು ನನ್ನೊಳಗೇ ಇಟ್ಟುಕೊಂಡು ಸಾಯಬಹುದೆಂದುಕೊಂಡಿದ್ದೆ. ಆದರೆ ಮೊನ್ನೆ ಮೇ ತಿಂಗಳಲ್ಲಿ ನೀನು ಬಂದಾಗ ಪದ್ಮಿಗೆ ಪಾಟಿ ಮೇಲೆ ಅಕ್ಷರ ತಿದ್ದಿಸುತ್ತ, ‘ನಿಮ್ಮಮ್ಮಗ ತಲಿ ಇರಲಿಲ್ಲ ಪುಟ್ಟೀ, ನೀ ಮಾಮನಂಗ ಶಾಣ್ಯಾ ಆಗು’ ಎಂದು ನಕ್ಕೆಯಲ್ಲ, ಆಗ ನಾನು ಹಾಲು ತರುತ್ತೇನೆಂದು ಎದ್ದು ಹೋಗಿದ್ದು ಸುಳ್ಳು. ಹಿತ್ತಲಲ್ಲಿ ನಿಂತಿದ್ದೆ. ಸೀಟು ಹೋಯಿತು, ನೌಕರಿ ಹೋಯಿತು, ಅದು ಸಾಲದೆಂಬಂತೆ ಆರು ವರ್ಷದಿಂದ ನೀನು ನಿನ್ನನ್ನೇ ದಡ್ಡಿ ಎಂದುಕೊಂಡು ಬದುಕಿದ್ದೀ. ನಿನಗೆ ತಲೆ ಇತ್ತು ಪಮ್ಮೀ. ಅಣ್ಣನಿಗೆ ಹತ್ತು ನಿಮಿಷದ ತಾಳ್ಮೆ ಇರಲಿಲ್ಲ. ಕ್ಷಮಿಸು ಎಂದು ಎರಡು ಸಲ ಬರೆದು ಎರಡು ಸಲವೂ ಹೊಡೆದುಹಾಕಿದೆ. ಕೇಳುವ ಮುಖ ನನಗಿಲ್ಲ.

ನಂದಕಿಶೋರ್ ಅವರಿಗೆ ನಮಸ್ಕಾರ, ಪದ್ಮಿಗೆ ಮಾಮನ ಮುದ್ದು. ದೊಡ್ಡವನೆಂದು ನಿನ್ನನ್ನು ಹರಸಲು ಇವತ್ತು ಕೈ ಏಳುತ್ತಿಲ್ಲ. ರಾಯರು ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಸುಜಯ

ತಾ.ಕ.: ನಿನ್ನೆ ಅಮ್ಮನಿಗೆ ಎಲ್ಲ ಹೇಳಿದೆ. ಭಾಳ ಹೊತ್ತು ಬತ್ತಿ ಹೊಸೆಯುತ್ತಲೇ ಇದ್ದಳು. ಆಮೇಲೆ, ‘ಟಪಾಲಿಗಿ ಹಾಕಬ್ಯಾಡ, ನಾನೇ ಒಯ್ತೀನಿ. ಅಕಿ ಒಬ್ಬಾಕೀನ ಕುಂತು ಓದಬಾರ್ದು’ ಅಂದಳು. ನಾಳೆ ಬೆಳಗಿನ ಪ್ಯಾಸೆಂಜರಿಗೆ ಹೊರಡುತ್ತಾಳೆ. ಅಂದರೆ ನೀನು ಇದನ್ನು ಓದುವಾಗ ನಿನ್ನ ಎದುರಿಗೇ ಕುಳಿತಿರುತ್ತಾಳೆ. ನೀನು ನನಗೆ ಏನೇನು ಬೈಯುತ್ತೀಯೋ ಒಂದೂ ಬಿಡದೆ ತಂದು ಹೇಳುತ್ತೇನೆಂದಿದ್ದಾಳೆ. ಬೈಯಿ, ಪಮ್ಮೀ. ಸುಮ್ಮನೆ ಮಾತ್ರ ಇರಬೇಡ.