ಎಡಕ್ಕೆ ತಿರುಗಿದ ಲಾರಿ, ಬಲಕ್ಕೆ ಬೀಸಿದ ರೆಕ್ಕೆ

ಫೆಬ್ರವರಿ 11, ಮಂಗಳವಾರ. ಬೆಳಗ್ಗೆ 9

ಇವತ್ತು ಏಳೂವರೆಗೆ, ಮಾಡದಕೆರೆ ತಿರುವಿನಲ್ಲಿ, ಗಾಳಿಯಂತ್ರದ ರೆಕ್ಕೆ ಹೊತ್ತ ಲಾರಿ ನಮ್ಮ ಪಕ್ಕದ ಮನೆಯ ತಿಮ್ಮೇಶನನ್ನು ಗುಡಿಸಿ ಹಾಕಿತು. ಗುಡಿಸಿತು — ಬೇರೆ ಪದ ಸಿಗುತ್ತಿಲ್ಲ. ಹಾಲಿಗೆ ಹೋದವನು ಕಣ್ಣಾರೆ ಕಂಡೆ. ಎದುರಿನಿಂದ ಬಂದ ತಿಮ್ಮೇಶ, ಲಾರಿ ತಿರುಗಲಿ ಎಂದು ಅದರ ಬಲಗಡೆ ಬೈಕು ನಿಲ್ಲಿಸಿಕೊಂಡಿದ್ದ. ಲಾರಿ ಎಡಕ್ಕೆ ತಿರುಗಿತು. ಹಿಂದೆ ಚಾಚಿದ್ದ ರೆಕ್ಕೆಯ ತುದಿ ಬಲಕ್ಕೆ ಬೀಸಿತು... ಕೆಂಪು ಹೆಲ್ಮೆಟ್ಟು ಒಡೆದು ತಲೆ ಉಳಿಯಿತು. ಭುಜ ಮುರಿದಿದೆ.

ಬಸ್ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿ ಆರ್ಡರ್ ಕಾಯುತ್ತಿದ್ದವನು.



ಫೆ. 12

ಕೇಸು ತಿಮ್ಮೇಶನ ಮೇಲೇ! ಅತಿವೇಗ, ಅಜಾಗರೂಕತೆ. ಠಾಣೆಗೆ ಹೋದೆ.

"ಲಾರಿ ತಿರುಗಿದ್ದು ಎಡಕ್ಕೆ ಯಜಮಾನ್ರೆ. ಬಲಗಡೆ ಇದ್ದೋನಿಗೆ ಹೆಂಗ್ ಬಡೀತೈತೆ? ಇವ್ನೇ ಬಂದು ಗುದ್ದವ್ನೆ," ಎಂದರು ಎಸ್‌ಐ.

"ನಾನು ನೋಡಿದೀನಿ."

"ಕುಂತ್ಕಳ್ರಿ, ನೀರು ಕುಡೀರಿ. ಗಾಬರೀಲಿ ಏನೇನೋ ಕಾಣ್ತೈತೆ."

ಮನೆಗೆ ಬಂದು ಕೂಗಾಡಿದೆ. ನನ್ನವಳು ಒಳಗಿನಿಂದಲೇ — "ಕಂಕುಳಲ್ಲಿ ಛತ್ರಿ ಸಿಗಿಸ್ಕಂಡು ನೀವು ಗಕ್ಕನೆ ತಿರುಗ್ದಾಗೆಲ್ಲ ಹಿಂದೆ ಬರೋ ನಂಗೆ ತಿವೀತೈತಲ್ಲ. ಅದೂ ನಂದೇ ಅತಿವೇಗ ಏನ್ರಿ?"

ನಗು ಬರಲಿಲ್ಲ.

ಫೆ. 13

ನಿದ್ದೆಯಿಲ್ಲ. ಗುಡ್ಡಕ್ಕೆ ಮೊದಲ ರೆಕ್ಕೆಗಳು ಬಂದ ವರ್ಷ ಇದೇ ತಿರುವಿನಲ್ಲಿ ರೆಕ್ಕೆ ಬಡಿದು ಆಂಜನೇಯನ ಗುಡಿಯ ಸೂರು ಕಿತ್ತುಹೋಗಿತ್ತು. ಆಗ ಪೊಲೀಸರು ಬರೆದುಕೊಂಡದ್ದು: ಗುಡಿ ರಸ್ತೆಗೆ ಚಾಚಿತ್ತು. ದೇವರ ಮೇಲೂ ಅತಿವೇಗ ಹೊರಿಸಲಿಲ್ಲ, ಪುಣ್ಯ. ಯಾರಿಗೂ ನೆನಪಿಲ್ಲ. ನನಗಿದೆ.

ಫೆ. 21

ಆಸ್ಪತ್ರೆಗೆ ಹೋಗಿದ್ದೆ. "ಕೇಸ್ ಇದ್ರೆ ಆರ್ಡರ್ ಕೊಡಲ್ವಂತೆ ಸಾ," ಎಂದ ತಿಮ್ಮೇಶ. "ನಿಂತಿದ್ದೋನ್ದು ಎಂಥಾ ಅತಿವೇಗ ಸಾ?"

ಅಲ್ಲಿಂದ ಠಾಣೆ. ವಾಹನ ತಪಾಸಣೆ ಮುಗಿದಿದೆಯಂತೆ — ಲಾರಿಗೆ ಒಂದು ಗೀರೂ ಇಲ್ಲ. ಇರುವುದಾದರೂ ಹೇಗೆ! ಬಡಿದದ್ದು ರೆಕ್ಕೆಯ ತುದಿ. ಹೆಲ್ಮೆಟ್ಟಿನ ಕೆಂಪು ಬಣ್ಣ ಅದಕ್ಕೆ ಮೆತ್ತಿತ್ತು. ಅದನ್ನು ನೋಡಿದಿರಾ ಎಂದೆ.

"ರೆಕ್ಕೆ ಲೋಡು ಯಜಮಾನ್ರೆ. ವಾಹನ ಅಲ್ಲ."

ಫೆ. 24, ಸೋಮವಾರ. ಸಂಜೆ

ಗುಡ್ಡದ ಬುಡಕ್ಕೆ ಹೋಗಿ ಬಂದೆ. ಆ ರೆಕ್ಕೆಯನ್ನು ಕಂಬದ ತುದಿಗೆ ಏರಿಸಿಬಿಟ್ಟಿದ್ದಾರೆ. ಸುತ್ತುತ್ತಿದೆ! ಸಾಕ್ಷಿಯೇ ಆಕಾಶದಲ್ಲಿ ಸುತ್ತುತ್ತಿದೆ, ಊರೆಲ್ಲ ಕತ್ತೆತ್ತಿ ನೋಡುತ್ತಿದೆ. ಕೆಂಪು ಉಳಿದಿದೆಯೋ ಒರೆಸಿದರೋ — ಈ ಕಣ್ಣಿಗೆ ಕಾಣದು.

ನಾಳೆ ಬಸ್ ಸ್ಟ್ಯಾಂಡಿನ ಮುಂದೆ ಬೋರ್ಡು ಹಿಡಿದು ನಿಲ್ಲುತ್ತೇನೆ. ಬರೆದಿಟ್ಟಿದ್ದೇನೆ: ಬಡಿದ ರೆಕ್ಕೆಯನ್ನು ಒಮ್ಮೆಯೂ ನೋಡದೆ, ಬಡಿಸಿಕೊಂಡವನದೇ ತಪ್ಪು ಎಂದು ತೀರ್ಮಾನಿಸಿದವರು ಯಾರು? ಮೇಲೇರಿಸಲು ಬಿಟ್ಟವರು ಯಾರು? ಠಾಣೆಯೊಳಗೆ ಬೇಡ. ಊರೆದುರು, ಮೈಕಿನಲ್ಲಿ, ಪೊಲೀಸರೇ ಹೆಸರು ಸಮೇತ ಹೇಳಲಿ.